ಒಂದು ದ್ವೀಪ, ಕ್ರಿಕೆಟ್‌ಗೆ ಒಂದು ತಂಡ, ಫುಟ್‌ಬಾಲ್‌ಗೆ ಎರಡು: ಐರ್ಲೆಂಡಿನಲ್ಲಿ ಆಟಕ್ಕೂ ರಾಜಕೀಯಕ್ಕೂ ಏನು ನಂಟು?

2011ರ ಮಾರ್ಚ್ 2, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ವಿಶ್ವಕಪ್ ಪಂದ್ಯದಲ್ಲಿ ಇಂಗ್ಲೆಂಡ್ 327 ರನ್ ಪೇರಿಸಿತ್ತು. ಉತ್ತರವಾಗಿ ಐರ್ಲೆಂಡ್ 111 ರನ್‌ಗೆ 5 ವಿಕೆಟ್ ಕಳೆದುಕೊಂಡಿತು. ಇನ್ನೇನು ಮುಗೀತು ಅನ್ನುವಾಗ ಕೂದಲಿಗೆ ಗುಲಾಬಿ ಬಣ್ಣ ಹಚ್ಚಿಕೊಂಡಿದ್ದ ಕೆವಿನ್ ಓಬ್ರಿಯನ್ 50 ಎಸೆತದಲ್ಲಿ ನೂರು ಬಾರಿಸಿದರು. ಅಲ್ಲಿಯವರೆಗಿನ ವಿಶ್ವಕಪ್‌ಗಳಲ್ಲಿ ಅಷ್ಟು ಬೇಗ ಯಾರೂ ಶತಕ ಹೊಡೆದಿರಲಿಲ್ಲ. ಐರ್ಲೆಂಡ್ 3 ವಿಕೆಟ್‌ಗಳಿಂದ ಗೆದ್ದಿತು.

ಆ ಶತಕ ನಮ್ಮಲ್ಲಿ ಬಹಳ ಜನಕ್ಕೆ ನೆನಪಿದೆ. ಆದರೆ ಆ ತಂಡ ಯಾವ ದೇಶದ್ದು ಅಂತ ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಓಬ್ರಿಯನ್ ಡಬ್ಲಿನ್‌ನವರು. ಅದು ಐರ್ಲೆಂಡ್ ಗಣರಾಜ್ಯ, ಸ್ವತಂತ್ರ ದೇಶ. ಕಪ್ತಾನ ವಿಲಿಯಂ ಪೋರ್ಟರ್‌ಫೀಲ್ಡ್ ಉತ್ತರ ಐರ್ಲೆಂಡಿನವರು. ಅದು ಬ್ರಿಟನ್ನಿಗೆ ಸೇರಿದ ಭಾಗ. ಅಂದರೆ ಅವತ್ತು ಬ್ರಿಟನ್ನಿನ ಆಡಳಿತದಲ್ಲಿರುವ ಊರಿನವರೊಬ್ಬರು ಪಕ್ಕದ ದೇಶದವರನ್ನು ಕಟ್ಟಿಕೊಂಡು ಇಂಗ್ಲೆಂಡನ್ನು ಸೋಲಿಸಿದರು! ಅದೇ ಫುಟ್‌ಬಾಲ್ ಆಗಿದ್ದರೆ ಇಬ್ಬರೂ ಬಹುಶಃ ಬೇರೆ ಬೇರೆ ತಂಡದಲ್ಲಿ ಇರುತ್ತಿದ್ದರು. ಒಲಿಂಪಿಕ್ಸ್ ಆಗಿದ್ದರೆ ಯಾವ ದೇಶ ಬೇಕು ಅಂತ ಪೋರ್ಟರ್‌ಫೀಲ್ಡ್ ತಾವೇ ಆರಿಸಿಕೊಳ್ಳಬಹುದಿತ್ತು.

ಈಗ ಡಬ್ಲಿನ್, ಕಾರ್ಕ್, ಬೆಲ್‌ಫಾಸ್ಟ್‌ಗಳಲ್ಲಿ ಐಟಿ ಕೆಲಸಕ್ಕೆ, ಆಸ್ಪತ್ರೆ ಕೆಲಸಕ್ಕೆ ಹೋಗಿ ನೆಲೆಸಿದ ಕನ್ನಡಿಗರಿದ್ದಾರೆ. 2028ರ ಯೂರೋ ಫುಟ್‌ಬಾಲ್ ಬ್ರಿಟನ್ ಮತ್ತು ಐರ್ಲೆಂಡಿನಲ್ಲೇ ನಡೆಯಲಿದೆ. ಅಲ್ಲಿನವರ ಆಟದ ಹರಟೆ ಎಲ್ಲಿ ಮುಗಿದು ರಾಜಕೀಯ ಎಲ್ಲಿ ಶುರುವಾಯಿತು ಅನ್ನುವುದು ಹೊಸಬರಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಬುಡದಿಂದ ನೋಡೋಣ.

## ಮೊದಲು ನಕ್ಷೆ

ಐರ್ಲೆಂಡ್ ಅನ್ನುವುದು ಒಂದು ದ್ವೀಪದ ಹೆಸರು. ಆ ದ್ವೀಪದ ಬಹುಪಾಲು ಜಾಗದಲ್ಲಿರುವ ದೇಶದ ಹೆಸರೂ ಅದೇ. ದ್ವೀಪದಲ್ಲಿ ಒಟ್ಟು 32 ಕೌಂಟಿಗಳು, ನಮ್ಮ ಜಿಲ್ಲೆಗಳಿದ್ದ ಹಾಗೆ. ಅವುಗಳಲ್ಲಿ 26 ಡಬ್ಲಿನ್ ರಾಜಧಾನಿಯಾಗಿರುವ ಗಣರಾಜ್ಯಕ್ಕೆ ಸೇರಿವೆ. ಉಳಿದ 6 ಬೆಲ್‌ಫಾಸ್ಟ್ ರಾಜಧಾನಿಯಾಗಿರುವ ಉತ್ತರ ಐರ್ಲೆಂಡಿಗೆ, ಅಂದರೆ ಬ್ರಿಟನ್ನಿಗೆ ಸೇರಿವೆ.

1921ಕ್ಕೆ ಮೊದಲು ಇಡೀ ದ್ವೀಪ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಆ ವರ್ಷ ಗಡಿ ಎಳೆದರು. ಮರುವರ್ಷ ದಕ್ಷಿಣದ ಭಾಗಕ್ಕೆ ಸ್ವಂತ ಸರ್ಕಾರ ಬಂತು. 1949ರಲ್ಲಿ ಅದು ಪೂರ್ತಿ ಗಣರಾಜ್ಯವಾಗಿ ಕಾಮನ್‌ವೆಲ್ತ್‌ನಿಂದಲೂ ಹೊರಬಂತು.

ಇದರ ಜೊತೆಗೆ ನಾಲ್ಕು ಹಳೆಯ ಪ್ರಾಂತ್ಯಗಳೂ ಇವೆ: ಅಲ್‌ಸ್ಟರ್, ಮನ್‌ಸ್ಟರ್, ಲೆನ್‌ಸ್ಟರ್, ಕಾನಾಟ್. ಇವಕ್ಕೆ ಈಗ ಸರ್ಕಾರವಿಲ್ಲ, ಆಡಳಿತವಿಲ್ಲ. ಆದರೆ ಆಟದಲ್ಲಿ ಜೀವಂತವಾಗಿವೆ. ತಮಾಷೆ ಅಂದರೆ ಅಲ್‌ಸ್ಟರ್‌ನ 9 ಕೌಂಟಿಗಳಲ್ಲಿ 6 ಗಡಿಯ ಆಚೆ, 3 ಈಚೆ. ಅಲ್‌ಸ್ಟರ್ ರಗ್ಬಿ ತಂಡಕ್ಕೆ ಆಟಗಾರರು ಎರಡು ದೇಶಗಳಿಂದ ಬರಬಹುದು.

## ಯಾರು ಯಾವ ಕಡೆ

ಉತ್ತರ ಐರ್ಲೆಂಡಿನಲ್ಲಿ ಎರಡು ದೊಡ್ಡ ಸಮುದಾಯಗಳು. ಬ್ರಿಟನ್ ಜೊತೆಗೇ ಇರಬೇಕು ಅನ್ನುವವರು ಯೂನಿಯನಿಸ್ಟರು. ಇವರಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟ್ ಹಿನ್ನೆಲೆಯವರು. ದ್ವೀಪ ಒಂದಾಗಬೇಕು ಅನ್ನುವವರು ನ್ಯಾಷನಲಿಸ್ಟರು. ಇವರಲ್ಲಿ ಹೆಚ್ಚಿನವರು ಕ್ಯಾಥೊಲಿಕ್ ಹಿನ್ನೆಲೆಯವರು. ಆದರೆ ಜಗಳ ಧರ್ಮಶಾಸ್ತ್ರದ್ದಲ್ಲ. ನಾವು ಯಾವ ದೇಶದವರು ಅನ್ನುವುದರದ್ದು.

1960ರ ದಶಕದ ಕೊನೆಯಿಂದ 1998ರವರೆಗೆ ಈ ಜಗಳ ರಕ್ತಪಾತವಾಗಿತ್ತು. 3,500ಕ್ಕೂ ಹೆಚ್ಚು ಜನ ಸತ್ತರು. ಒಂದು ಕಡೆ ದ್ವೀಪ ಒಂದಾಗಬೇಕು ಅಂತ ಬಂದೂಕು ಹಿಡಿದ ಐಆರ್‌ಎ (ಐರಿಷ್ ರಿಪಬ್ಲಿಕನ್ ಆರ್ಮಿ), ಇನ್ನೊಂದು ಕಡೆ ಯೂನಿಯನಿಸ್ಟರ ಪರವಾದ ಸಶಸ್ತ್ರ ಗುಂಪುಗಳು, ಜೊತೆಗೆ ಬ್ರಿಟಿಷ್ ಸೇನೆ ಮತ್ತು ಪೊಲೀಸರು. 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದದಿಂದ ಬಹುಮಟ್ಟಿಗೆ ಶಾಂತಿ ಬಂತು.

ಆ ಒಪ್ಪಂದದಲ್ಲಿ ಆಟಕ್ಕೆ ನೇರವಾಗಿ ಸಂಬಂಧಪಟ್ಟ ಒಂದು ಮಾತಿದೆ. ಉತ್ತರ ಐರ್ಲೆಂಡಿನವರು ತಮ್ಮನ್ನು ಐರಿಷ್ ಅಂದುಕೊಳ್ಳಬಹುದು, ಬ್ರಿಟಿಷ್ ಅಂದುಕೊಳ್ಳಬಹುದು, ಎರಡೂ ಅಂದುಕೊಳ್ಳಬಹುದು. ಎರಡೂ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

## ಗಡಿಗಿಂತ ಹಳೆಯ ಸಂಘಗಳು

ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಪಾಲಾದಾಗ ಹೊಲ, ಮನೆ, ಪಾತ್ರೆ ಎಲ್ಲ ಹಂಚಿಕೆಯಾಗುತ್ತದೆ. ಬಾವಿ ಮಾತ್ರ ಕೂಡುಬಾವಿಯಾಗಿ ಉಳಿಯುತ್ತದೆ, ಅಲ್ವಾ? ಒಂದು ಕಡೆಯವರು ಹಗ್ಗ ಬಿಟ್ಟ ಮೇಲೆ ಇನ್ನೊಂದು ಕಡೆಯವರು ಸೇದುತ್ತಾರೆ. ಮಾತು ಬಿಟ್ಟಿದ್ದರೂ ನೀರು ಬಿಡಲಾಗುವುದಿಲ್ಲ. ಐರ್ಲೆಂಡಿನಲ್ಲಿ ರಗ್ಬಿ, ಕ್ರಿಕೆಟ್, ಹಾಕಿ, ಗಾಲ್ಫ್, ಬಾಕ್ಸಿಂಗ್ ಹೀಗೆ ಉಳಿದುಕೊಂಡವು.

ಕಾರಣ ಸರಳ. ಈ ಆಟಗಳ ಆಡಳಿತ ಗಡಿಗಿಂತ ಹಳೆಯದು. ದ್ವೀಪದ ರಗ್ಬಿ ಸಂಘಗಳು 1879ರಲ್ಲೇ ಒಂದಾಗಿದ್ದವು. ಗಾಲ್ಫ್ ಒಕ್ಕೂಟ ಹುಟ್ಟಿದ್ದು 1891ರಲ್ಲಿ. ಗಡಿ ಬಂದಾಗ ಇವರು ಸಂಘ ಒಡೆಯಲಿಲ್ಲ.

ಹಳೆಯದಾಗಿದ್ದರೆ ಸಾಕೇ? ಸಾಲದು. ಆಡುವವರ ನಡುವೆ ಒಡನಾಟವೂ ಇರಬೇಕು. ದಕ್ಷಿಣದಲ್ಲಿ ರಗ್ಬಿ ಆಡುತ್ತಿದ್ದವರು ಹೆಚ್ಚಾಗಿ ದುಬಾರಿ ಶಾಲೆಯಲ್ಲಿ ಓದಿದ ಡಾಕ್ಟರು, ವಕೀಲರು, ಬ್ಯಾಂಕಿನವರು. ಉತ್ತರದಲ್ಲಿ ಪ್ರಾಟೆಸ್ಟೆಂಟ್ ಗ್ರಾಮರ್ ಶಾಲೆಗಳ ಹುಡುಗರು. ಧರ್ಮ ಬೇರೆ, ಆದರೆ ವರ್ಗ ಒಂದೇ. ಪಂದ್ಯ ಮುಗಿದ ಮೇಲೆ ಒಟ್ಟಿಗೆ ಕುಡಿದು ಊಟ ಮಾಡುವ ಪರಿಚಯ. ದೇಶಪ್ರೇಮಕ್ಕಿಂತ ಈ ಪರಿಚಯವೇ ರಗ್ಬಿಯನ್ನು ಉಳಿಸಿತು ಅಂತ ನನಗೆ ಅನ್ನಿಸುತ್ತದೆ.

## ಫುಟ್‌ಬಾಲ್ ಮಾತ್ರ ಯಾಕೆ ಒಡೆಯಿತು?

ಫುಟ್‌ಬಾಲ್ ಸಂಘವೂ ಹಳೆಯದೇ, 1880ರದ್ದು. ಆದರೆ ಅದರ ಕಚೇರಿ ಇದ್ದದ್ದು ಬೆಲ್‌ಫಾಸ್ಟ್‌ನಲ್ಲಿ. ಹಡಗು ಕಟ್ಟುವ ಕಾರ್ಮಿಕರು, ನೂಲಿನ ಗಿರಣಿಯವರು ತುಂಬಿದ್ದ ಆ ಊರಿನಲ್ಲೇ ಆಟ ಗಟ್ಟಿಯಾಗಿ ಬೆಳೆದಿತ್ತು. ತಂಡದ ಆಯ್ಕೆಯಲ್ಲೂ ಪಂದ್ಯದ ಜಾಗದಲ್ಲೂ ಬೆಲ್‌ಫಾಸ್ಟ್‌ನವರಿಗೇ ಮೊದಲ ಮಣೆ ಅನ್ನುವ ಸಿಟ್ಟು ಡಬ್ಲಿನ್ ಕ್ಲಬ್ಬುಗಳಿಗೆ ಮೊದಲಿನಿಂದಲೂ ಇತ್ತು.

1921ರಲ್ಲಿ ಸಿಟ್ಟು ನೆತ್ತಿಗೇರಿತು. ಐರಿಷ್ ಕಪ್ ಸೆಮಿಫೈನಲ್‌ನಲ್ಲಿ ಉತ್ತರದ ಗ್ಲೆನಾವನ್ ಮತ್ತು ಡಬ್ಲಿನ್‌ನ ಶೆಲ್‌ಬೋರ್ನ್ ತಂಡಗಳ ಪಂದ್ಯ ಬೆಲ್‌ಫಾಸ್ಟ್‌ನಲ್ಲಿ ಡ್ರಾ ಆಯಿತು. ಮರುಪಂದ್ಯ ತಮ್ಮೂರಿನಲ್ಲಿ ನಡೆಯುತ್ತದೆ ಅಂತ ಶೆಲ್‌ಬೋರ್ನ್ ಕಾದಿತ್ತು. ಸಂಘ ಮತ್ತೆ ಬೆಲ್‌ಫಾಸ್ಟ್‌ಗೇ ಬನ್ನಿ ಅಂದಿತು. ಹೊರಗೆ ಸ್ವಾತಂತ್ರ್ಯದ ಯುದ್ಧ ನಡೆಯುತ್ತಿದ್ದ ಕಾಲ. ಶೆಲ್‌ಬೋರ್ನ್ ಬರಲ್ಲ ಅಂತ ಹೇಳಿಬಿಟ್ಟಿತು. ಅದೇ ವರ್ಷ ಡಬ್ಲಿನ್‌ನವರು ಬೇರೆ ಸಂಘ ಕಟ್ಟಿದರು.

ಆಮೇಲೆ ಮೂರು ದಶಕ ವಿಚಿತ್ರ ಸ್ಥಿತಿ. 1930ರ ದಶಕದ ಕೊನೆಯ ಹೊತ್ತಿಗೆ ಎರಡೂ ಸಂಘಗಳು ತಮ್ಮ ತಂಡವನ್ನು ಐರ್ಲೆಂಡ್ ಅಂತಲೇ ಕರೆಯುತ್ತಿದ್ದವು. ಎರಡೂ ಇಡೀ ದ್ವೀಪದಿಂದ ಆಟಗಾರರನ್ನು ಆರಿಸುತ್ತಿದ್ದವು. 1950ರ ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಂತೂ ನಾಲ್ವರು ಆಟಗಾರರು ಎರಡೂ ಐರ್ಲೆಂಡ್‌ಗಳ ಪರ ಆಡಿದರು! ಕೊನೆಗೆ ಫಿಫಾ ನಡುವೆ ಬಂದು, ನಿಮ್ಮ ಸರಹದ್ದಿನವರನ್ನು ಮಾತ್ರ ಆಡಿಸಿ, ಹೆಸರನ್ನೂ ಬೇರೆ ಮಾಡಿಕೊಳ್ಳಿ ಅಂತ ಕಟ್ಟುಮಾಡಿತು.

ಇಲ್ಲೂ ಒಂದು ಅಪವಾದ ಇದೆ. ಡೆರಿ ಊರು ಉತ್ತರ ಐರ್ಲೆಂಡಿನಲ್ಲಿದೆ. ಆದರೆ ಡೆರಿ ಸಿಟಿ ಕ್ಲಬ್ 1985ರಿಂದ ಗಣರಾಜ್ಯದ ಲೀಗ್‌ನಲ್ಲಿ ಆಡುತ್ತಿದೆ. ಗಲಭೆಯ ಕಾಲದಲ್ಲಿ ಅದರ ಬ್ರಾಂಡಿವೆಲ್ ಮೈದಾನಕ್ಕೆ ಬರಲು ಬೇರೆ ತಂಡಗಳು ಒಪ್ಪಲಿಲ್ಲ. ತನ್ನೂರಿನಲ್ಲಿ ಆಡಲಾಗದೆ ಕ್ಲಬ್ 1972ರಲ್ಲಿ ಉತ್ತರದ ಲೀಗ್ ಬಿಟ್ಟಿತು. ಹದಿಮೂರು ವರ್ಷ ದೊಡ್ಡ ಲೀಗ್ ಇಲ್ಲದೆ ಕಳೆದು ಕೊನೆಗೆ ಗಡಿ ದಾಟಿತು. ಅಂದ ಹಾಗೆ, ಯೂನಿಯನಿಸ್ಟರಲ್ಲಿ ಬಹಳ ಜನ ಈ ಊರನ್ನು ಲಂಡನ್‌ಡೆರಿ ಅನ್ನುತ್ತಾರೆ. ಊರಿನ ಹೆಸರು ಹೇಳಿದರೇ ನೀವು ಯಾವ ಕಡೆ ಅಂತ ಜನ ಲೆಕ್ಕ ಹಾಕಿಬಿಡುತ್ತಾರೆ.

## ಜಿಎಎ: ಆಟದ ಸಂಘ, ಊರಿನ ಸಂಘ, ಹೋರಾಟದ ಸಂಘ

ಐರ್ಲೆಂಡಿನಲ್ಲಿ ಅತಿ ದೊಡ್ಡ ಜನಸಂದಣಿ ಸೇರುವುದು ಕ್ರಿಕೆಟ್‌ಗೂ ಅಲ್ಲ, ನಾವು ಟಿವಿಯಲ್ಲಿ ನೋಡುವ ಫುಟ್‌ಬಾಲ್‌ಗೂ ಅಲ್ಲ. ಚೆಂಡನ್ನು ಕೈಯಲ್ಲೂ ಕಾಲಲ್ಲೂ ಆಡುವ ಗೇಲಿಕ್ ಫುಟ್‌ಬಾಲ್ ಮತ್ತು ಹರ್ಲಿಂಗ್‌ಗೆ. ಇವೆರಡನ್ನೂ ನಡೆಸುವುದು ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಚಿಕ್ಕದಾಗಿ ಜಿಎಎ.

ಹರ್ಲಿಂಗ್ ನೋಡಿದರೆ ಎದೆ ಝಲ್ಲೆನ್ನುತ್ತದೆ. ಕಡೆಗೆ 15 ಜನ, ಕೈಯಲ್ಲಿ ತುದಿ ಅಗಲವಾದ ಮರದ ಕೋಲು. ಚಿಕ್ಕ ಗಟ್ಟಿ ಚೆಂಡನ್ನು ಗಾಳಿಯಲ್ಲಿರುವಾಗಲೇ ಬೀಸಿ ಹೊಡೆಯುತ್ತಾರೆ. ಗೋಲುಕಂಬ ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿರುತ್ತದೆ. ಅಡ್ಡಪಟ್ಟಿಯ ಮೇಲೆ ಹೋದರೆ 1 ಪಾಯಿಂಟ್, ಕೆಳಗೆ ಬಲೆಗೆ ಬಿದ್ದರೆ 3. ಸ್ಕೋರ್ 2-15 ಅಂತಿದ್ದರೆ 2 ಗೋಲು, 15 ಪಾಯಿಂಟ್, ಒಟ್ಟು 21.

ಆಟಗಾರರಿಗೆ ಸಂಬಳ ಇಲ್ಲ. 82,000 ಜನ ಹಿಡಿಸುವ ಡಬ್ಲಿನ್‌ನ ಕ್ರೋಕ್ ಪಾರ್ಕ್ ತುಂಬಿ ತುಳುಕುತ್ತಿರುವಾಗ ಭಾನುವಾರ ಫೈನಲ್ ಆಡಿದ ಮೇಷ್ಟ್ರು ಮತ್ತೆ ಶಾಲೆಗೇ ಹೋಗಬೇಕು. ಆಡುವುದು ತಮ್ಮ ಕೌಂಟಿಗೆ. ಹಾಗಾಗಿ ಊರಿನ ಅಭಿಮಾನ ಅಂದರೆ ಅಲ್ಲಿ ಕೌಂಟಿಯ ಜೆರ್ಸಿ. ಇಲ್ಲಿ ಗಡಿಯ ಲೆಕ್ಕವೇ ಇಲ್ಲ, 32 ಕೌಂಟಿಗಳೂ ಒಂದೇ. ಉತ್ತರದ ಡೌನ್ ಕೌಂಟಿ 1960ರಲ್ಲಿ ಗೇಲಿಕ್ ಫುಟ್‌ಬಾಲ್‌ನ ಸ್ಯಾಮ್ ಮ್ಯಾಗ್ವೈರ್ ಕಪ್ಪನ್ನು ಮೊದಲ ಸಲ ಗಡಿ ದಾಟಿಸಿತು. 2024ರಲ್ಲಿ ಉತ್ತರದ್ದೇ ಆರ್ಮಾ ಗೆದ್ದಿತು. ಕ್ಯಾಥೊಲಿಕ್ ನ್ಯಾಷನಲಿಸ್ಟರ ಆಟ ಅಂತ ಹೆಸರಾದ ಈ ಆಟದ ದೊಡ್ಡ ಕಪ್ಪಿಗೆ ಹೆಸರು ಕೊಟ್ಟ ಸ್ಯಾಮ್ ಮ್ಯಾಗ್ವೈರ್ ಒಬ್ಬ ಪ್ರಾಟೆಸ್ಟೆಂಟ್. ಅದನ್ನು ಹೇಳಿದರೆ ಡಬ್ಲಿನ್‌ನವರೇ ಕೆಲವರು ಹುಬ್ಬೇರಿಸುತ್ತಾರೆ.

ರಾಜಕೀಯ ಇದರ ಹುಟ್ಟಿನಲ್ಲೇ ಇದೆ. 1884ರ ನವೆಂಬರ್ 1ರಂದು ಟಿಪ್ಪರೇರಿ ಕೌಂಟಿಯ ಥರ್ಲ್ಸ್ ಊರಿನ ಒಂದು ಹೋಟೆಲಿನಲ್ಲಿ ಮೈಕಲ್ ಕ್ಯೂಸಾಕ್ ಮತ್ತು ಗೆಳೆಯರು ಸಂಘ ಕಟ್ಟಿದರು. ಇಂಗ್ಲಿಷರ ಆಟಗಳು ನಮ್ಮ ಆಟಗಳನ್ನು ನುಂಗುತ್ತಿವೆ, ನಮ್ಮದನ್ನು ಉಳಿಸಬೇಕು ಅನ್ನುವುದು ಅವರ ಉದ್ದೇಶ. ಸ್ವಾತಂತ್ರ್ಯ ಹೋರಾಟಗಾರರು ಬೇಗನೆ ಇದರೊಳಗೆ ಬಂದರು.

1920ರ ನವೆಂಬರ್ 21, ಭಾನುವಾರ. ಬೆಳಿಗ್ಗೆ ಐಆರ್‌ಎ ಡಬ್ಲಿನ್‌ನಲ್ಲಿ ಬ್ರಿಟಿಷ್ ಗುಪ್ತಚರ ಅಧಿಕಾರಿಗಳ ಮನೆಗಳಿಗೆ ನುಗ್ಗಿ ಹತ್ತಕ್ಕೂ ಹೆಚ್ಚು ಜನರನ್ನು ಕೊಂದಿತು. ಮಧ್ಯಾಹ್ನ ಕ್ರೋಕ್ ಪಾರ್ಕ್‌ನಲ್ಲಿ ಡಬ್ಲಿನ್-ಟಿಪ್ಪರೇರಿ ಪಂದ್ಯ ನಡೆಯುತ್ತಿರುವಾಗ ಬ್ರಿಟಿಷ್ ಪಡೆಗಳು ಒಳನುಗ್ಗಿ ಗುಂಡು ಹಾರಿಸಿದವು. 14 ಜನ ಸತ್ತರು. ಅವರಲ್ಲಿ ಮಕ್ಕಳಿದ್ದರು. ಟಿಪ್ಪರೇರಿಯ ಆಟಗಾರ ಮೈಕಲ್ ಹೋಗನ್ ಮೈದಾನದಲ್ಲೇ ಪ್ರಾಣ ಬಿಟ್ಟರು. ಇವತ್ತಿಗೂ ಅಲ್ಲಿನ ಒಂದು ಸ್ಟ್ಯಾಂಡ್ ಅವರ ಹೆಸರಿನಲ್ಲಿದೆ. ಗೆದ್ದ ತಂಡದ ಕಪ್ತಾನ ಕಪ್ ಎತ್ತುವುದು ಅಲ್ಲಿಂದಲೇ.

ಇಷ್ಟು ಗೊತ್ತಿದ್ದರೆ ಜಿಎಎಯ ಹಳೆಯ ನಿಷೇಧಗಳು ಯಾಕೆ ಬಂದವು ಅನ್ನುವುದೂ ಅರ್ಥವಾಗುತ್ತದೆ. ಮೂರು ಇದ್ದವು. ಒಂದು, ಸದಸ್ಯರು ಫುಟ್‌ಬಾಲ್, ರಗ್ಬಿ, ಹಾಕಿ, ಕ್ರಿಕೆಟ್ ಆಡುವಂತಿಲ್ಲ, ಹೋಗಿ ನೋಡುವಂತೆಯೂ ಇಲ್ಲ. ಎರಡು, ಬ್ರಿಟಿಷ್ ಸೇನೆಯವರು, ಉತ್ತರದ ಪೊಲೀಸರು ಸದಸ್ಯರಾಗುವಂತಿಲ್ಲ. ಮೂರು, ಸಂಘದ ಮೈದಾನಗಳಲ್ಲಿ ಹೊರಗಿನವರ ಆಟ ಆಡಿಸುವಂತಿಲ್ಲ.

ಮೊದಲನೆಯದು ಎಷ್ಟು ಬಿಗಿಯಾಗಿತ್ತು ಅಂದರೆ, 1938ರಲ್ಲಿ ಐರ್ಲೆಂಡಿನ ಅಧ್ಯಕ್ಷ ಡಗ್ಲಸ್ ಹೈಡ್ ಅವರೇ ಸಿಕ್ಕಿಬಿದ್ದರು. ಅವರು ಐರಿಷ್ ಭಾಷೆಗಾಗಿ ಜೀವ ಸವೆಸಿದವರು, ಜಿಎಎಯ ಪೋಷಕರು. ದೇಶದ ಅಧ್ಯಕ್ಷರಾಗಿ ಪೋಲೆಂಡ್ ವಿರುದ್ಧದ ಫುಟ್‌ಬಾಲ್ ಪಂದ್ಯ ನೋಡಲು ಹೋದರು. ಅಷ್ಟಕ್ಕೇ ಪೋಷಕ ಸ್ಥಾನದಿಂದ ತೆಗೆದುಹಾಕಿದರು! ಈ ನಿಷೇಧ ಹೋಗಿದ್ದು 1971ರಲ್ಲಿ. 19ನೇ ಶತಮಾನದಲ್ಲಿ ಹಳ್ಳಿಹಳ್ಳಿಯಲ್ಲೂ ಆಡುತ್ತಿದ್ದ ಕ್ರಿಕೆಟ್ ಐರ್ಲೆಂಡಿನಲ್ಲಿ ಸೊರಗಿದ್ದಕ್ಕೆ ಇದೂ ಒಂದು ಕಾರಣ.

ಎರಡನೆಯದು ಇನ್ನೂ ಸೂಕ್ಷ್ಮ. ಗಲಭೆಯ ವರ್ಷಗಳಲ್ಲಿ ಉತ್ತರದ ಜಿಎಎ ಕ್ಲಬ್ಬುಗಳು ಕಷ್ಟ ಪಟ್ಟಿದ್ದವು. ಗಡಿಯ ಹತ್ತಿರದ ಕ್ರಾಸ್‌ಮ್ಯಾಗ್ಲೆನ್ ಊರಿನ ಕ್ಲಬ್ ಮೈದಾನದ ಪಕ್ಕದಲ್ಲೇ ಸೇನೆಯ ಠಾಣೆ ಎದ್ದಿತ್ತು. ಮೈದಾನದ ಜಾಗವನ್ನೂ ಸೇನೆ ಹಿಡಿದುಕೊಂಡಿತ್ತು, ಪಕ್ಕದಲ್ಲೇ ಹೆಲಿಕಾಪ್ಟರ್ ಇಳಿಯುತ್ತಿದ್ದವು. ಅಂಥ ಊರಿನವರಿಗೆ ಸೈನಿಕರನ್ನೂ ಸದಸ್ಯರಾಗಿ ಸೇರಿಸಿಕೊಳ್ಳಿ ಅನ್ನುವುದು ಸುಲಭವಿರಲಿಲ್ಲ. ಹಾಗೆಯೇ ಯೂನಿಯನಿಸ್ಟರಿಗೆ, ನಮ್ಮ ಮನೆಯ ಪೊಲೀಸನನ್ನು ಬಾಗಿಲಲ್ಲೇ ತಡೆಯುವ ಸಂಘ ಬರೀ ಆಟದ ಸಂಘ ಹೇಗಾದೀತು ಅನ್ನುವ ಪ್ರಶ್ನೆ. ಉತ್ತರದ ಪೊಲೀಸ್ ಇಲಾಖೆಯನ್ನೇ ಹೊಸದಾಗಿ ಕಟ್ಟಿದ 2001ರಲ್ಲಿ ಈ ನಿಷೇಧವೂ ಹೋಯಿತು.

ಮೂರನೆಯದು ಕದಲಿದ್ದು 2005ರಲ್ಲಿ. ರಗ್ಬಿ ಮತ್ತು ಫುಟ್‌ಬಾಲ್ ಪಂದ್ಯಗಳು ನಡೆಯುತ್ತಿದ್ದ ಡಬ್ಲಿನ್‌ನ ಲ್ಯಾನ್ಸ್‌ಡೌನ್ ರೋಡ್ ಕ್ರೀಡಾಂಗಣವನ್ನು ಕೆಡವಿ ಕಟ್ಟಬೇಕಿತ್ತು. ಅಲ್ಲಿಯವರೆಗೆ ಎಲ್ಲಿ ಆಡುವುದು? ಕ್ರೋಕ್ ಪಾರ್ಕ್ ಕೊಡೋಣವೇ ಅಂತ ಜಿಎಎ ಮತಕ್ಕೆ ಹಾಕಿತು. ಪರವಾಗಿ 227, ವಿರುದ್ಧ 97.

2007ರ ಫೆಬ್ರವರಿ 24ರಂದು ರಗ್ಬಿ ಆಡಲು ಬಂದದ್ದು ಇಂಗ್ಲೆಂಡ್. ಅಂದರೆ 1920ರಲ್ಲಿ ಗುಂಡು ಹಾರಿದ್ದ ಅದೇ ನೆಲದಲ್ಲಿ ಬ್ರಿಟಿಷ್ ರಾಣಿಯ ಗೀತೆ ನುಡಿಯಬೇಕು. ಜನ ಕೂಗಾಡುತ್ತಾರಾ ಅಂತ ದಿನಗಟ್ಟಲೆ ಚರ್ಚೆ ನಡೆದಿತ್ತು. ಗೀತೆ ನುಡಿಯಿತು, ಯಾರೂ ಅಡ್ಡಿ ಮಾಡಲಿಲ್ಲ. ಮುಗಿದಾಗ ಚಪ್ಪಾಳೆ ಬಿತ್ತು. ಆಮೇಲೆ ಐರ್ಲೆಂಡಿನ ಗೀತೆ ಶುರುವಾದಾಗ ಗೂಳಿಯಂಥ ಮೈಕಟ್ಟಿನ ಐರ್ಲೆಂಡ್ ಆಟಗಾರ ಜಾನ್ ಹೇಯ್ಸ್ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ದೃಶ್ಯವನ್ನು ಅಲ್ಲಿನವರು ಇವತ್ತಿಗೂ ನೆನೆಯುತ್ತಾರೆ. ಐರ್ಲೆಂಡ್ 43-13ರಿಂದ ಗೆದ್ದಿತು. ನಾಲ್ಕು ವರ್ಷದ ನಂತರ, 2011ರ ಮೇ ತಿಂಗಳಲ್ಲಿ, ರಾಣಿ ಎಲಿಜಬೆತ್ ಅವರೇ ಕ್ರೋಕ್ ಪಾರ್ಕ್‌ಗೆ ಬಂದು ಹೋದರು.

## ಯಾವ ಗೀತೆ ಹಾಡುವುದು?

ತಂಡವೇನೋ ಒಂದು. ಪಂದ್ಯಕ್ಕೆ ಮೊದಲು ಯಾವ ಗೀತೆ ಅನ್ನುವುದೇ ತಲೆನೋವು. ಗಣರಾಜ್ಯದ ರಾಷ್ಟ್ರಗೀತೆ ಬ್ರಿಟಿಷರ ವಿರುದ್ಧ ಹೋರಾಡಿದ ಸೈನಿಕರ ಹಾಡು. ಬೆಲ್‌ಫಾಸ್ಟ್‌ನ ಯೂನಿಯನಿಸ್ಟ್ ಆಟಗಾರ ಅದಕ್ಕೆ ತುಟಿ ಆಡಿಸುವುದು ಹೇಗೆ? ಬ್ರಿಟಿಷ್ ಗೀತೆ ಹಾಕಿದರೆ ಮನ್‌ಸ್ಟರ್‌ನವರು ನಿಲ್ಲುವುದು ಹೇಗೆ?

1987ರಲ್ಲಿ ಮೊದಲ ರಗ್ಬಿ ವಿಶ್ವಕಪ್. ಅದಕ್ಕೆ ಸ್ವಲ್ಪ ಮೊದಲು, ಏಪ್ರಿಲ್ 25ರಂದು, ಅಲ್‌ಸ್ಟರ್‌ನ ಮೂವರು ಆಟಗಾರರು ಒಂದೇ ಕಾರಿನಲ್ಲಿ ಅಭ್ಯಾಸಕ್ಕೆಂದು ಡಬ್ಲಿನ್ ಕಡೆ ಹೊರಟಿದ್ದರು. ಗಡಿಯ ಬಳಿ ಐಆರ್‌ಎ ಒಬ್ಬ ಹಿರಿಯ ನ್ಯಾಯಾಧೀಶರ ಕಾರಿಗೆ ಬಾಂಬ್ ಇಟ್ಟಿತ್ತು. ನ್ಯಾಯಾಧೀಶರೂ ಅವರ ಹೆಂಡತಿಯೂ ಸತ್ತರು. ಎದುರಿನಿಂದ ಬರುತ್ತಿದ್ದ ಆಟಗಾರರ ಕಾರೂ ಸ್ಫೋಟಕ್ಕೆ ಸಿಕ್ಕಿತು. ಅವರಲ್ಲೊಬ್ಬರಾದ ನೈಜೆಲ್ ಕಾರ್ ಮತ್ತೆ ಐರ್ಲೆಂಡ್ ಪರ ಆಡಲಿಲ್ಲ.

ಇಷ್ಟಾದ ಮೇಲೆ ವಿಶ್ವಕಪ್‌ನಲ್ಲಿ ಯಾವ ಗೀತೆ ಹಾಕುವ ಧೈರ್ಯ? ಕೊನೆಗೆ ಕ್ಯಾಸೆಟ್‌ನಿಂದ ಒಂದು ಹಳೆಯ ಪ್ರೇಮಗೀತೆ ಹಾಕಿದರು. ಬೇರೆ ತಂಡಗಳು ಎದೆಯುಬ್ಬಿಸಿ ರಾಷ್ಟ್ರಗೀತೆ ಹಾಡುವಾಗ ಇವರ ಪಾಲಿಗೆ ಅದು. ಆಟಗಾರರಿಗೆ ಮುಜುಗರವಾಯಿತು.

1995ರ ವಿಶ್ವಕಪ್‌ಗೆ ಮೊದಲು ರಗ್ಬಿ ಸಂಘ ಡೆರಿಯ ಸಂಗೀತಗಾರ ಫಿಲ್ ಕೋಲ್ಟರ್ ಅವರಿಂದ ಹೊಸ ಹಾಡು ಬರೆಸಿತು. ಅದೇ ‘ಐರ್ಲೆಂಡ್ಸ್ ಕಾಲ್’. ನಾಲ್ಕು ಪ್ರಾಂತ್ಯಗಳೂ ಹೆಗಲಿಗೆ ಹೆಗಲು ಕೊಟ್ಟು ನಿಲ್ಲೋಣ ಅನ್ನುವ ಧಾಟಿ. ಯಾರನ್ನೂ ನೋಯಿಸದ ಹಾಡು. ಈಗ ಡಬ್ಲಿನ್‌ನಲ್ಲಿ ಪಂದ್ಯ ಇದ್ದರೆ ರಾಷ್ಟ್ರಗೀತೆ ಮತ್ತು ಈ ಹಾಡು, ಎರಡೂ. ಹೊರಗೆ ಹೋದರೆ ಇದೊಂದೇ. ಕ್ರಿಕೆಟ್, ಹಾಕಿ ತಂಡಗಳೂ ಇದನ್ನೇ ಬಳಸುತ್ತವೆ.

ಇದರ ಬಗ್ಗೆ ಜನರ ಅಭಿಪ್ರಾಯ ಕೇಳಬೇಕು! ಹಾಡು ಸಪ್ಪೆ, ಜಾಹೀರಾತಿನ ಟ್ಯೂನ್ ಇದ್ದ ಹಾಗಿದೆ ಅಂತ ಮೂಗು ಮುರಿಯುವವರು ಬಹಳ. ನಮ್ಮ ರಾಜಧಾನಿಯಲ್ಲೇ ನಮ್ಮ ರಾಷ್ಟ್ರಗೀತೆ ಸಾಲದೇ ಅನ್ನುವವರೂ ಇದ್ದಾರೆ. ಸಪ್ಪೆಯಾದರೂ ಎಲ್ಲರೂ ಬಾಯಿಬಿಟ್ಟು ಹಾಡಬಹುದಲ್ಲ ಅನ್ನುವವರು ಇನ್ನೊಂದು ಕಡೆ. ಉತ್ತರ ಐರ್ಲೆಂಡ್ ಫುಟ್‌ಬಾಲ್ ತಂಡ ಇವತ್ತಿಗೂ ಬ್ರಿಟಿಷ್ ಗೀತೆಯನ್ನೇ ಇಟ್ಟುಕೊಂಡಿದೆ. ಅಲ್ಲಿನ ಕ್ಯಾಥೊಲಿಕ್ ಆಟಗಾರರು ತಲೆ ತಗ್ಗಿಸಿ ನಿಲ್ಲುವುದನ್ನು ಟಿವಿಯಲ್ಲಿ ಕಾಣಬಹುದು.

## ಆಟಗಾರ ಯಾರ ಕಡೆ?

ಆಗ ಹೇಳಿದ್ದ ಎರಡು ಪಾಸ್‌ಪೋರ್ಟ್ ವಿಷಯ ಇಲ್ಲಿ ಬರುತ್ತದೆ. ಉತ್ತರ ಐರ್ಲೆಂಡಿನಲ್ಲಿ ಹುಟ್ಟಿದ ಹುಡುಗ ಐರಿಷ್ ಪಾಸ್‌ಪೋರ್ಟ್ ಹಿಡಿದು ಗಣರಾಜ್ಯದ ಫುಟ್‌ಬಾಲ್ ತಂಡಕ್ಕೆ ಹೋಗಬಹುದು. 2010ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯವೂ ಇದನ್ನೇ ಹೇಳಿತು. ಹುಡುಗನನ್ನು ಚಿಕ್ಕಂದಿನಿಂದ ಬೆಳೆಸಿದ್ದು ನಾವು, ಕರೆದುಕೊಂಡು ಹೋಗುವುದು ಅವರು ಅನ್ನುವುದು ಬೆಲ್‌ಫಾಸ್ಟ್‌ನವರ ಸಂಕಟ. ಮನಸ್ಸು ಎಲ್ಲಿದೆಯೋ ಅಲ್ಲಿ ಆಡಲಿ ಅನ್ನುವುದು ಇನ್ನೊಂದು ಕಡೆಯವರ ವಾದ.

ಡೆರಿಯ ಜೇಮ್ಸ್ ಮೆಕ್ಲೀನ್ ಉತ್ತರ ಐರ್ಲೆಂಡಿನ ಕಿರಿಯರ ತಂಡದಲ್ಲಿ ಆಡಿ, ಆಮೇಲೆ ಗಣರಾಜ್ಯಕ್ಕೆ ಹೋದವರು. ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಪ್ರತಿ ನವೆಂಬರ್‌ನಲ್ಲಿ ಯುದ್ಧದಲ್ಲಿ ಮಡಿದ ಸೈನಿಕರ ನೆನಪಿಗೆ ಜೆರ್ಸಿಯ ಮೇಲೆ ಕೆಂಪು ಗಸಗಸೆ ಹೂವಿನ ಚಿಹ್ನೆ ಹಾಕುತ್ತಾರೆ. ಮೆಕ್ಲೀನ್ ಒಪ್ಪಲಿಲ್ಲ. 1972ರ ಜನವರಿಯಲ್ಲಿ ಅವರದೇ ಊರಿನಲ್ಲಿ ಬ್ರಿಟಿಷ್ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿ ಜನರನ್ನು ಕೊಂದಿದ್ದರು. ಎರಡು ಮಹಾಯುದ್ಧಗಳಲ್ಲಿ ಸತ್ತವರಿಗೆ ಮಾತ್ರ ಆದರೆ ಹಾಕುತ್ತೇನೆ, ಈ ಚಿಹ್ನೆ ಎಲ್ಲ ಸೈನಿಕರಿಗೂ ಸೇರಿದ್ದು ಅಂತ ಕ್ಲಬ್ ಮಾಲೀಕರಿಗೆ ಬಹಿರಂಗ ಪತ್ರ ಬರೆದರು. ವರ್ಷಗಟ್ಟಲೆ ಪ್ರೇಕ್ಷಕರಿಂದ ಬೈಗುಳ ತಿಂದರು.

ಉಲ್ಟಾ ಹೋದವರೂ ಇದ್ದಾರೆ. ಡಬ್ಲಿನ್‌ನಲ್ಲಿ ಹುಟ್ಟಿದ ಇಯಾನ್ ಮಾರ್ಗನ್ ಮೊದಲು ಐರ್ಲೆಂಡಿಗೆ ಕ್ರಿಕೆಟ್ ಆಡಿ, ಆಮೇಲೆ ಇಂಗ್ಲೆಂಡಿಗೆ ಹೋಗಿ, 2019ರಲ್ಲಿ ಕಪ್ತಾನರಾಗಿ ವಿಶ್ವಕಪ್ ಎತ್ತಿದರು. ಅವರು ತಂಡ ಬದಲಿಸಿದಾಗ ಐರ್ಲೆಂಡಿಗೆ ಟೆಸ್ಟ್ ಆಡುವ ಅವಕಾಶ ಇರಲಿಲ್ಲ. ಅದು ಸಿಕ್ಕಿದ್ದು 2017ರಲ್ಲಿ. ಹಾಗಾಗಿ ಮಾರ್ಗನ್ ಮೇಲೆ ಸಿಟ್ಟಿಗಿಂತ ಹೊಟ್ಟೆಪಾಡು ಅನ್ನುವ ಮಾತೇ ಜಾಸ್ತಿ. ಫುಟ್‌ಬಾಲ್‌ನ ಡೆಕ್ಲನ್ ರೈಸ್ ವಿಷಯದಲ್ಲಿ ಹಾಗಲ್ಲ. ಲಂಡನ್‌ನಲ್ಲಿ ಹುಟ್ಟಿ ಗಣರಾಜ್ಯಕ್ಕೆ ಮೂರು ಸ್ನೇಹಪಂದ್ಯ ಆಡಿ 2019ರಲ್ಲಿ ಇಂಗ್ಲೆಂಡಿಗೆ ಹೊರಟಿದ್ದಕ್ಕೆ ಡಬ್ಲಿನ್‌ನವರ ಹೊಟ್ಟೆ ಇನ್ನೂ ಉರಿಯುತ್ತದೆ.

ಒಲಿಂಪಿಕ್ಸ್‌ನಲ್ಲಿ ಉತ್ತರದವರಿಗೆ ಆಯ್ಕೆ ಇದೆ. 2024ರ ಪ್ಯಾರಿಸ್‌ನಲ್ಲಿ ಈಜುಗಾರ ಡೇನಿಯಲ್ ವಿಫೆನ್, ಜಿಮ್ನಾಸ್ಟ್ ರೀಸ್ ಮೆಕ್ಲೆನಹನ್ ಐರ್ಲೆಂಡಿಗೆ ಚಿನ್ನ ಗೆದ್ದರು. ಅದೇ ಉತ್ತರದ ಹಾನಾ ಸ್ಕಾಟ್ ದೋಣಿ ಸ್ಪರ್ಧೆಯಲ್ಲಿ ಗೆದ್ದ ಚಿನ್ನ ಬ್ರಿಟನ್ ಲೆಕ್ಕಕ್ಕೆ ಹೋಯಿತು. ಆಯ್ಕೆ ಇರುವುದು ಒಳ್ಳೆಯದೇ, ಆದರೆ ಸುಖ ಅಲ್ಲ. ಗಾಲ್ಫ್‌ನ ರೋರಿ ಮೆಕಿಲ್‌ರಾಯ್ ಯಾರ ಪರ ಆಡುತ್ತೀರಿ ಅನ್ನುವ ಪ್ರಶ್ನೆಯಲ್ಲಿ ವರ್ಷಗಟ್ಟಲೆ ಒದ್ದಾಡಿದರು. ಐರ್ಲೆಂಡ್ ಅಂತ 2014ರಲ್ಲಿ ಹೇಳಿದರೂ 2016ರ ಒಲಿಂಪಿಕ್ಸ್‌ಗೆ ಹೋಗಲಿಲ್ಲ. ಮೊದಲು ಆಡಿದ್ದು ಟೋಕಿಯೊದಲ್ಲಿ.

## ನಾಯಕರು ಮೈದಾನಕ್ಕೆ ಬಂದಾಗ

ಗಣರಾಜ್ಯದಲ್ಲಿ ಆಟದ ಹೆಸರು ಮತವಾಗುತ್ತದೆ. 1966ರಲ್ಲಿ ಪ್ರಧಾನಿಯಾದ ಕಾರ್ಕ್‌ನ ಜ್ಯಾಕ್ ಲಿಂಚ್ 1941ರಿಂದ 46ರವರೆಗೆ ಸತತ ಆರು ವರ್ಷ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದವರು. ಐದು ಹರ್ಲಿಂಗ್‌ನಲ್ಲಿ, ಒಂದು ಗೇಲಿಕ್ ಫುಟ್‌ಬಾಲ್‌ನಲ್ಲಿ. ಅಂಥವರ ವಿರುದ್ಧ ಕಾರ್ಕ್‌ನಲ್ಲಿ ಚುನಾವಣೆಗೆ ನಿಲ್ಲುವ ಪಾಡು ನೀವೇ ಊಹಿಸಿ.

ಉತ್ತರದಲ್ಲಿ ಒಬ್ಬ ನಾಯಕ ಯಾವ ಪಂದ್ಯಕ್ಕೆ ಹೋದ ಅನ್ನುವುದೇ ಸುದ್ದಿ. 2016ರ ಯೂರೋದಲ್ಲಿ ಹಿಂದೆ ಐಆರ್‌ಎಯ ಮುಂದಾಳಾಗಿದ್ದ ಮಾರ್ಟಿನ್ ಮೆಕ್‌ಗಿನ್ನೆಸ್ ಉತ್ತರ ಐರ್ಲೆಂಡ್ ತಂಡದ ಪಂದ್ಯಕ್ಕೆ ಹೋಗಿ ಕೂತರು. 2018ರ ಜೂನ್‌ನಲ್ಲಿ ಯೂನಿಯನಿಸ್ಟ್ ಪಕ್ಷದ ನಾಯಕಿ ಆರ್ಲೀನ್ ಫಾಸ್ಟರ್ ಗಡಿಯಾಚೆಯ ಕ್ಲೋನ್ಸ್‌ನಲ್ಲಿ ಅಲ್‌ಸ್ಟರ್ ಗೇಲಿಕ್ ಫೈನಲ್‌ಗೆ ಬಂದರು. ಪೊಲೀಸ್ ಮೀಸಲು ಪಡೆಯಲ್ಲಿದ್ದ ಅವರ ತಂದೆಗೆ ಐಆರ್‌ಎ ಮನೆಯ ಬಳಿಯೇ ಗುಂಡು ಹೊಡೆದಿತ್ತು. ಆಗ ಅವರು ಚಿಕ್ಕ ಹುಡುಗಿ. ಅಂಥವರು ಗಣರಾಜ್ಯದ ರಾಷ್ಟ್ರಗೀತೆಗೆ ಎದ್ದು ನಿಂತರು. ಅವರ ಕೌಂಟಿ ಫರ್ಮಾನಾ ಸೋತಿತು, ಆದರೆ ಮರುದಿನ ಸ್ಕೋರಿನ ಬಗ್ಗೆ ಮಾತಾಡಿದವರು ಕಡಿಮೆ.

## ಹೊಸದಾಗಿ ಹೋದವರಿಗೆ

ಗೇಲಿಕ್ ಆಟದ ಊರುಗಳಲ್ಲಿ ಫುಟ್‌ಬಾಲ್ ಅಂದರೆ ಗೇಲಿಕ್ ಫುಟ್‌ಬಾಲ್. ನಾವು ಹೇಳುವ ಫುಟ್‌ಬಾಲ್‌ಗೆ ಅಲ್ಲಿ ಸಾಕರ್ ಅನ್ನಿ. ನೀವು ಯಾವ ಕೌಂಟಿಯಲ್ಲಿದ್ದೀರಿ ಅಂತ ಕೇಳಿದರೆ ಅದು ಮಾತು ಶುರು ಮಾಡುವ ರೀತಿ, ಧೈರ್ಯವಾಗಿ ಉತ್ತರಿಸಿ. ಉತ್ತರದಲ್ಲಿ ಮಾತ್ರ ಸ್ಕಾಟ್ಲೆಂಡಿನ ಗ್ಲಾಸ್ಗೋ ಊರಿನ ಸಾಕರ್ ಕ್ಲಬ್ಬುಗಳಲ್ಲಿ ಸೆಲ್ಟಿಕ್ ಇಷ್ಟವೋ ರೇಂಜರ್ಸ್ ಇಷ್ಟವೋ ಅಂತ ಯಾರಾದರೂ ಕೇಳಿದರೆ ಸುಮ್ನೆ ಒಂದು ಹೆಸರು ಹೇಳಿಬಿಡಬೇಡಿ. ಅದು ಬರೀ ಕ್ಲಬ್ಬಿನ ಪ್ರಶ್ನೆಯಲ್ಲ. ಮೊದಲನೆಯದು ಕ್ಯಾಥೊಲಿಕ್ ಕಡೆ, ಎರಡನೆಯದು ಪ್ರಾಟೆಸ್ಟೆಂಟ್ ಕಡೆ ಅಂತಲೇ ಲೆಕ್ಕ. ಉತ್ತರ ಐರ್ಲೆಂಡ್ ಪರ ಆಡುತ್ತಿದ್ದ ಕ್ಯಾಥೊಲಿಕ್ ಆಟಗಾರ ನೀಲ್ ಲೆನನ್ ಸೆಲ್ಟಿಕ್ ಸೇರಿದ ಮೇಲೆ ತಮ್ಮದೇ ಪ್ರೇಕ್ಷಕರಿಂದ ಕೂಗಾಟ ಕೇಳಬೇಕಾಯಿತು. 2002ರಲ್ಲಿ ಕಪ್ತಾನರಾಗಿ ಆಡಬೇಕಿದ್ದ ದಿನವೇ ಕೊಲೆ ಬೆದರಿಕೆ ಬಂತು. ಅವರು ಮತ್ತೆ ಆ ತಂಡಕ್ಕೆ ಆಡಲಿಲ್ಲ.

## ಈಗಿನ ಜಗಳ: ಕೇಸ್‌ಮೆಂಟ್ ಪಾರ್ಕ್

ಬೆಲ್‌ಫಾಸ್ಟ್‌ನ ಪಶ್ಚಿಮ ಭಾಗದಲ್ಲಿ ಜಿಎಎಯ ದೊಡ್ಡ ಮೈದಾನ ಕೇಸ್‌ಮೆಂಟ್ ಪಾರ್ಕ್. 1916ರಲ್ಲಿ ಬ್ರಿಟಿಷರು ಗಲ್ಲಿಗೇರಿಸಿದ ರೋಜರ್ ಕೇಸ್‌ಮೆಂಟ್ ಹೆಸರು ಅದಕ್ಕೆ. 2013ರಲ್ಲಿ ಮುಚ್ಚಿದ ಮೇಲೆ ಅಲ್ಲಿ ಹುಲ್ಲು ಬೆಳೆದಿತ್ತು. 2023ರಲ್ಲಿ ಯೂರೋ 2028 ಸಿಕ್ಕಾಗ ಪಂದ್ಯ ನಡೆಯುವ 10 ಕ್ರೀಡಾಂಗಣಗಳ ಪಟ್ಟಿಯಲ್ಲಿ ಇದೂ ಇತ್ತು. ಅಂದರೆ ಗೇಲಿಕ್ ಮೈದಾನವನ್ನು ಹೊಸದಾಗಿ ಕಟ್ಟಿ ಅಲ್ಲಿ ಸಾಕರ್ ಆಡಿಸುವುದು.

ಉತ್ತರ ಐರ್ಲೆಂಡ್ ತಂಡದ ಅಭಿಮಾನಿಗಳಲ್ಲಿ ಹಲವರಿಗೆ ಅದು ಹಿಡಿಸಲಿಲ್ಲ. ನಮ್ಮ ವಿಂಡ್ಸರ್ ಪಾರ್ಕ್ ಇರುವಾಗ ಬೇರೆ ಆಟದವರ ಮೈದಾನಕ್ಕೆ ಇಷ್ಟು ಹಣ ಯಾಕೆ ಅಂದರು. ವಿಂಡ್ಸರ್ ಪಾರ್ಕ್ ಯೂರೋಗೆ ಚಿಕ್ಕದು, ಜಿಎಎಗೆ ಮೈದಾನ ಕಟ್ಟಿಕೊಡುತ್ತೇವೆ ಅಂತ ಸರ್ಕಾರ ಹಿಂದೆಯೇ ಮಾತು ಕೊಟ್ಟಿತ್ತು ಅನ್ನುವುದು ಇನ್ನೊಂದು ಕಡೆಯ ಉತ್ತರ. ಅಷ್ಟರಲ್ಲಿ ಕಟ್ಟುವ ಖರ್ಚಿನ ಅಂದಾಜು ಏರುತ್ತಲೇ ಹೋಯಿತು. 2024ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಯೂರೋಗಾಗಿ ಇದಕ್ಕೆ ಹಣ ಕೊಡಲಾಗದು, ಸಮಯವೂ ಸಾಲದು ಅಂದಿತು. ಈಗ ಪಂದ್ಯಗಳು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ಮತ್ತು ಡಬ್ಲಿನ್‌ನಲ್ಲಿ ನಡೆಯುತ್ತವೆ. ಬೆಲ್‌ಫಾಸ್ಟ್‌ಗೆ ಒಂದೂ ಇಲ್ಲ.